ಫೋಟೋದಲ್ಲಿ ಬೆಳಕಿನ ಕೋಲು ಕಾಣಲೆಂದು ಹೊಗೆ ಹಾಕುತ್ತೀರಾ? ಯಾವ ಹೊಗೆ ಪರವಾಗಿಲ್ಲ, ಯಾವುದು ಅಪಾಯ?

ಬಿಳಿಗಿರಿರಂಗನಬೆಟ್ಟದ ರಸ್ತೆಯಲ್ಲಿ ಮರಗಳ ಸಂದಿಯಿಂದ ಬೆಳಕಿನ ಕೋಲುಗಳು ನೆಲಕ್ಕಿಳಿಯುವ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬಗೆಯ ವಿಡಿಯೋಗಳೂ ಬರುತ್ತವೆ. ‘ಮನೆಯಲ್ಲೇ ಸಿನಿಮಾ ಥರ ಫೋಟೋ ತೆಗೆಯಿರಿ’ ಎಂಬ ತಲೆಬರಹ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿ, ಡ್ರೈ ಐಸ್ ಮೇಲೆ ಬಿಸಿನೀರು ಸುರಿಯಿರಿ, ಕಾಡಿನ ರಸ್ತೆಯಲ್ಲಿ ಬಣ್ಣದ ಸ್ಮೋಕ್ ಬಾಂಬ್ ಹಿಡಿದು ನಿಲ್ಲಿ ಎಂಬ ಸಲಹೆಗಳು. ಕೊನೆಗೆ ‘ಇದು ಬರೀ ಹೊಗೆ, ಏನೂ ಆಗಲ್ಲ’ ಎಂಬ ಭರವಸೆ ಬೇರೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮದುವೆಗಳಲ್ಲೂ ಈಗ ಪ್ರೀವೆಡ್ಡಿಂಗ್ ಫೋಟೋ, ರೀಲ್ಸ್, ಆರ್ಕೆಸ್ಟ್ರಾ ಎಲ್ಲ ಇರುತ್ತದೆ. ಹೊಗೆ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಹಾಗಾಗಿ ಈ ‘ಏನೂ ಆಗಲ್ಲ’ ಎಂಬ ಮಾತು ಎಷ್ಟು ನಿಜ ಎಂದು ನಾವು ಒಂದೊಂದಾಗಿ ನೋಡೋಣ.

ಮೊದಲೇ ಚಿಕ್ಕ ಉತ್ತರ ಹೇಳಿಬಿಡುತ್ತೇವೆ. ಹೊಗೆಗಳೆಲ್ಲ ಒಂದೇ ಅಲ್ಲ. ಬೆಳಗಿನ ಮಂಜು ನಿರಪಾಯ. ಸ್ಟೇಜಿನ ಹೊಗೆ ಯಂತ್ರವನ್ನು ಎಚ್ಚರದಿಂದ, ಗಾಳಿಯಾಡುವ ಕಡೆ ಬಳಸಬಹುದು. ಮುಚ್ಚಿದ ಕೋಣೆಯಲ್ಲಿ ಡ್ರೈ ಐಸ್ ಮತ್ತು ಕಾಡಿನಲ್ಲಿ ಸ್ಮೋಕ್ ಬಾಂಬ್ ಮಾತ್ರ ಜೀವಕ್ಕೇ ಅಪಾಯ.

ಬೆಳಕಿನ ಕೋಲು ಕಾಣುವುದಾದರೂ ಹೇಗೆ?

ಹಳೆಯ ನಾಡಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಬೆಳಗ್ಗೆ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದರೆ ಹೆಂಚಿನ ಸಂದಿಯಿಂದಲೋ ಬೆಳಕಿಂಡಿಯಿಂದಲೋ ಬಿಸಿಲಿನ ಕೋಲೊಂದು ಓರೆಯಾಗಿ ಇಳಿಯುತ್ತಿತ್ತು. ಅದರೊಳಗೆ ದೂಳಿನ ಕಣಗಳು ಕುಣಿಯುತ್ತಿದ್ದವು. ಒಲೆ ಆರಿ ಹೊಗೆ ಹೋದಮೇಲೆ ಕೋಲು ಮಾಯ. ನೆಲದ ಮೇಲೆ ದುಂಡನೆಯ ಬಿಸಿಲು ಮಾತ್ರ ಉಳಿಯುತ್ತಿತ್ತು. ಬಿಸಿಲು ಬರುತ್ತಲೇ ಇತ್ತು, ಆದರೆ ಅದರ ದಾರಿ ಕಾಣುತ್ತಿರಲಿಲ್ಲ.

ಕಾರಣ ಸರಳ. ಬೆಳಕು ನಮ್ಮ ಕಣ್ಣಿಗೆ ಬಂದು ಬಿದ್ದರೆ ಮಾತ್ರ ನಮಗೆ ಕಾಣುತ್ತದೆ. ಪಕ್ಕದಲ್ಲಿ ನೇರವಾಗಿ ಹಾದುಹೋಗುವ ಬೆಳಕು ಕಣ್ಣಿಗೆ ಬರುವುದೇ ಇಲ್ಲ. ಅದರ ದಾರಿಯಲ್ಲಿ ದೂಳು, ಹೊಗೆ, ನೀರಿನ ಹನಿಯಂಥ ಸಣ್ಣ ಕಣಗಳಿದ್ದರೆ ಬೆಳಕು ಅವಕ್ಕೆ ತಾಗಿ ಎಲ್ಲ ಕಡೆಗೂ ಚದುರುತ್ತದೆ. ಹಾಗೆ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗ ನಮ್ಮ ಕಣ್ಣಿಗೋ ಕ್ಯಾಮೆರಾಕ್ಕೋ ತಲುಪುತ್ತದೆ. ಅದೇ ನಾವು ಕಾಣುವ ‘ಕೋಲು’. 19ನೇ ಶತಮಾನದ ವಿಜ್ಞಾನಿ ಜಾನ್ ಟಿಂಡಾಲ್ ಹೆಸರಿನಲ್ಲಿ ಇದನ್ನು ಟಿಂಡಾಲ್ ಪರಿಣಾಮ ಎನ್ನುತ್ತಾರೆ.

ಟಿಂಡಾಲ್ ಇದೇ ತತ್ವವನ್ನು ಇನ್ನೊಂದು ಕೆಲಸಕ್ಕೂ ಬಳಸಿದ. ಒಳಗೋಡೆಗೆ ಗ್ಲಿಸರಿನ್ ಸವರಿದ ಪೆಟ್ಟಿಗೆಯೊಂದನ್ನು ಮುಚ್ಚಿಟ್ಟು, ಒಳಗಿನ ದೂಳೆಲ್ಲ ಕೂತು ಅಂಟಿಕೊಳ್ಳುವವರೆಗೆ ಕಾದ. ಆಮೇಲೆ ಅದರೊಳಗೆ ಬೆಳಕು ಹಾಯಿಸಿದರೆ ಕಿರಣವೇ ಕಾಣಲಿಲ್ಲ. ಆ ಗಾಳಿಯಲ್ಲಿ ಇಟ್ಟ, ಮೊದಲೇ ಕುದಿಸಿದ ಮಾಂಸದ ಸಾರು ಕೆಡಲೂ ಇಲ್ಲ. ಸಾರನ್ನು ಕೆಡಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿ ತೇಲುವ ದೂಳಿನೊಂದಿಗೆ ಬರುತ್ತವೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿಯಾಯಿತು.

ಇದರಲ್ಲಿ ನಾವು ನೆನಪಿಡಬೇಕಾದ ಮಾತೊಂದಿದೆ. ಬೆಳಕಿನ ಕೋಲು ಕಂಡಿತೆಂದರೆ ಅಲ್ಲಿನ ಗಾಳಿಯಲ್ಲಿ ಏನೋ ತೇಲುತ್ತಿದೆ ಎಂದೇ ಅರ್ಥ. ಅಲ್ಲಿ ನಿಂತು ಉಸಿರಾಡಿದರೆ ಅದೇ ವಸ್ತು ನಮ್ಮ ಎದೆಯೊಳಗೂ ಹೋಗುತ್ತದೆ. ಆದ್ದರಿಂದ ‘ಫೋಟೋ ಚೆನ್ನಾಗಿ ಬರುತ್ತಾ?’ ಎನ್ನುವ ಮೊದಲು ‘ಗಾಳಿಯಲ್ಲಿ ತೇಲುತ್ತಿರುವುದು ಏನು?’ ಎಂದು ಕೇಳಬೇಕು.

ಫೋಟೋದಲ್ಲಿ ದುಂಡನೆಯ ಬೆಳಕು: ದೈವವೋ ದೂಳೋ?

ಇದೇ ವಿಜ್ಞಾನದಿಂದ ಇನ್ನೊಂದು ಫಾರ್ವರ್ಡಿಗೂ ಉತ್ತರ ಸಿಗುತ್ತದೆ. ರಾತ್ರಿ ದೇವಸ್ಥಾನದಲ್ಲೋ ಜಾತ್ರೆಯಲ್ಲೋ ತೆಗೆದ ಫೋಟೋದಲ್ಲಿ ದುಂಡನೆಯ ಬೆಳಕಿನ ಗುಳ್ಳೆಗಳು ಕಂಡರೆ ಅದನ್ನು ಪವಾಡವೆಂದೋ ದೆವ್ವವೆಂದೋ ಹಂಚುತ್ತಾರೆ. ಸಾಮಾನ್ಯವಾಗಿ ಅದು ಕ್ಯಾಮೆರಾದ ಮುಂದೆಯೇ ತೇಲುತ್ತಿದ್ದ ದೂಳಿನ ಕಣ ಅಥವಾ ನೀರಿನ ಹನಿ. ಫ್ಲ್ಯಾಶ್ ಬೆಳಕು ಅದಕ್ಕೆ ತಾಗಿ ನೇರ ಲೆನ್ಸಿಗೆ ಮರಳುತ್ತದೆ. ತೀರಾ ಹತ್ತಿರ ಇರುವುದರಿಂದ ಫೋಕಸ್ ಸಿಗದೆ ದೊಡ್ಡ ಗುಳ್ಳೆಯಂತೆ ಕಾಣುತ್ತದೆ.

ಮಂಜು ಕವಿದಾಗ ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಹತ್ತುವ ತಿರುವುಗಳಲ್ಲಿ ಗಾಡಿ ಓಡಿಸಿದವರಿಗೂ ಇದರ ಅನುಭವ ಇರುತ್ತದೆ. ಹೈ ಬೀಮ್ ಹಾಕಿದರೆ ರಸ್ತೆ ಕಾಣುವುದರ ಬದಲು ಕಣ್ಣ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ. ನಮ್ಮ ದೀಪದ ಬೆಳಕೇ ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೆ ಮರಳುತ್ತದೆ. ಮಂಜಿನಲ್ಲಿ ಲೋ ಬೀಮ್ ಹಾಕಿ, ನಿಧಾನ ಹೋಗಿ ಎನ್ನುವುದು ಇದಕ್ಕೇ.

ಹೊಗೆ ಯಂತ್ರದಿಂದ ಬರುವುದು ಹೊಗೆಯೇ?

ಆರ್ಕೆಸ್ಟ್ರಾದವರು, ಫೋಟೋಗ್ರಾಫರುಗಳು ಬಳಸುವ ಯಂತ್ರದಲ್ಲಿ ಏನೂ ಉರಿಯುವುದಿಲ್ಲ. ಆದ್ದರಿಂದ ಅದು ನಿಜವಾದ ಅರ್ಥದಲ್ಲಿ ಹೊಗೆಯಲ್ಲ. ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ನೀರನ್ನು ಯಂತ್ರ ಚೆನ್ನಾಗಿ ಕಾಯಿಸಿ ಆವಿ ಮಾಡಿ ಹೊರಗೆ ಚಿಮ್ಮಿಸುತ್ತದೆ. ಆ ಆವಿ ಹೊರಗಿನ ಗಾಳಿಗೆ ತಣ್ಣಗಾಗಿ ಸೂಕ್ಷ್ಮ ಹನಿಗಳಾಗುತ್ತದೆ. ನಾವು ನೋಡುವುದು ಆ ಹನಿಗಳನ್ನು.

ಇದರಲ್ಲಿ ಎರಡು ಬಗೆ. ಫಾಗ್ ಯಂತ್ರ ದಟ್ಟ ಮೋಡ ಕಾರುತ್ತದೆ. ಹೇಜ್ ಯಂತ್ರ ಕಣ್ಣಿಗೆ ಅಷ್ಟಾಗಿ ಕಾಣದಂಥ ತೆಳು ಪೊರೆಯನ್ನು ಕೋಣೆಯ ತುಂಬ ಹರಡುತ್ತದೆ. ಬೆಳಕಿನ ಕೋಲು ಚೆನ್ನಾಗಿ ಬರುವುದು ತೆಳು ಪೊರೆಯಲ್ಲೇ. ದಟ್ಟ ಮೋಡದಲ್ಲಿ ಬೆಳಕು ಅತ್ತಿತ್ತ ಚದುರಿ ಎಲ್ಲವೂ ಬೆಳ್ಳಗಾಗುತ್ತದೆ. ‘ಇನ್ನೂ ಸ್ವಲ್ಪ ಹೊಗೆ ಬಿಡಿ’ ಎನ್ನುವುದರಿಂದ ಫೋಟೋ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ಹಾಗಾದರೆ ಇದು ಸಂಪೂರ್ಣ ಸುರಕ್ಷಿತವೇ? ಹಾಗೆನ್ನಲಾಗದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಟಕ, ಸಿನಿಮಾ, ಸಂಗೀತ ಕಾರ್ಯಕ್ರಮಗಳಲ್ಲಿ ಕೆಲಸ ಮಾಡುವ 101 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಇಂಥ ಹೊಗೆಯಲ್ಲಿ ಕೆಲಸ ಮಾಡುವವರಲ್ಲಿ ಕೆಮ್ಮು, ಗಂಟಲು ಒಣಗುವಂಥ ತೊಂದರೆಗಳು ಕಂಡುಬಂದವು. ಯಂತ್ರಕ್ಕೆ ಹೆಚ್ಚು ಹತ್ತಿರ ಇರುತ್ತಿದ್ದವರ ಶ್ವಾಸಕೋಶದ ಸಾಮರ್ಥ್ಯ ಕಡಿಮೆಯಿತ್ತು. ಅಂದರೆ ಹತ್ತು ನಿಮಿಷ ಫೋಟೋಗೆ ನಿಂತವರಿಗಿಂತ ದಿನವೂ ಯಂತ್ರದ ಪಕ್ಕ ನಿಲ್ಲುವ ಲೈಟ್ ಬಾಯ್ ಮತ್ತು ಫೋಟೋಗ್ರಾಫರಿಗೇ ಇದರ ಚಿಂತೆ ಹೆಚ್ಚು. ಆಸ್ತಮಾ ಇರುವವರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹತ್ತು ನಿಮಿಷವೂ ಕಷ್ಟವಾಗಬಹುದು.

ಯಂತ್ರಕ್ಕೆ ಅದಕ್ಕೆಂದೇ ತಯಾರಾದ ದ್ರವವನ್ನೇ ಹಾಕಬೇಕು. ಕಾಸು ಉಳಿಸಲು ಅಡುಗೆ ಎಣ್ಣೆ, ಡೀಸೆಲ್, ಸೆಂಟು ಬೆರೆಸುವ ಉಪಾಯಗಳು ವಿಡಿಯೋಗಳಲ್ಲಿ ಕಂಡರೆ ನಂಬಬೇಡಿ. ಕಾದ ಯಂತ್ರದಲ್ಲಿ ಅವು ಸುಟ್ಟು ನಿಜವಾದ ವಿಷದ ಹೊಗೆಯಾಗುತ್ತವೆ. ಬೆಂಕಿಯೂ ಹತ್ತಬಹುದು.

ಮೋಡದ ಮೇಲೆ ನಡೆದು ಬರುವ ಮದುಮಕ್ಕಳು

ಕಲ್ಯಾಣ ಮಂಟಪದಲ್ಲಿ ಗಂಡು ಹೆಣ್ಣು ಮೋಡದ ಮೇಲೆ ನಡೆದು ಬರುವಂತೆ ಕಾಣಿಸಲು ನೆಲದ ಮೇಲೆ ಬಿಳಿ ಹೊಗೆ ಹರಡುತ್ತಾರಲ್ಲ, ಅದನ್ನು ಬಹಳ ಸಲ ಡ್ರೈ ಐಸ್‌ನಿಂದ ಮಾಡುತ್ತಾರೆ. ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್. ಅದರ ಉಷ್ಣತೆ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಬಿಸಿನೀರಿಗೆ ಹಾಕಿದರೆ ಕರಗಿ ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಆ ಚಳಿಗೆ ಗಾಳಿಯ ತೇವ ಹನಿಗಟ್ಟಿ ಬಿಳಿ ಮಂಜು ಕಾಣುತ್ತದೆ.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವುದು ಒಂದು ವಿಷಯವನ್ನು. ಕಾಣುವ ಬಿಳಿ ಮಂಜು ಬರೀ ನೀರಿನ ಹನಿ. ಅಪಾಯಕಾರಿಯಾದ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಳಿ ಮಂಜು ಕರಗಿ ಹೋದ ಮೇಲೂ ಅನಿಲ ಕೋಣೆಯಲ್ಲೇ ಇರುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಕೂರುತ್ತದೆ. ಚಿಕ್ಕ ಮಕ್ಕಳ ಮೂಗು ಇರುವುದೂ ಅದೇ ಮಟ್ಟದಲ್ಲಿ.

ಒಂದು ಲೆಕ್ಕ ಹಾಕೋಣ. ಒಂದು ಕೆ.ಜಿ. ಡ್ರೈ ಐಸ್‌ನಿಂದ ಸುಮಾರು 540 ಲೀಟರ್ ಅನಿಲ ಬರುತ್ತದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಹಿಡಿಯುವುದು ಸುಮಾರು 34,000 ಲೀಟರ್ ಗಾಳಿ. ಬಾಗಿಲು ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ 3 ಕೆ.ಜಿ. ಡ್ರೈ ಐಸ್ ಪೂರ್ತಿ ಆವಿಯಾದರೆ ಇಂಗಾಲದ ಡೈ ಆಕ್ಸೈಡ್ ಪ್ರಮಾಣ ಶೇ. 4 ದಾಟುತ್ತದೆ. ಮಾಮೂಲಿ ಗಾಳಿಯಲ್ಲಿ ಇರುವುದು ಶೇ. 0.04ರಷ್ಟು ಮಾತ್ರ. ಶೇ. 4 ಎನ್ನುವುದು ಜೀವಕ್ಕೆ ತಕ್ಷಣ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುರುತಿಸಿದ ಮಟ್ಟ. ದೊಡ್ಡ ಛತ್ರದ ಹಾಲ್‌ನಲ್ಲಿ ಬಾಗಿಲು ತೆರೆದಿದ್ದರೆ ಇಷ್ಟು ಸೇರುವುದಿಲ್ಲ. ಅಪಾಯ ಇರುವುದು ಚಿಕ್ಕ ಕೋಣೆಯಲ್ಲಿ, ಹೆಣ್ಣಿನ ಅಲಂಕಾರದ ಕೋಣೆಯಲ್ಲಿ, ಡ್ರೈ ಐಸ್ ಡಬ್ಬ ಇಟ್ಟು ಗಾಜು ಏರಿಸಿಕೊಂಡ ಕಾರಿನಲ್ಲಿ.

ಇದು ಬರೀ ಲೆಕ್ಕದ ಮಾತಲ್ಲ. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಹುಟ್ಟುಹಬ್ಬದ ಕೂಟದಲ್ಲಿ ‘ಹೊಗೆ ಚೆನ್ನಾಗಿ ಕಾಣಲಿ’ ಎಂದು ಒಳಾಂಗಣದ ಈಜುಕೊಳಕ್ಕೆ ಡ್ರೈ ಐಸ್ ಸುರಿದರು. ಮೂವರು ಸತ್ತರು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಬಾಯಿ ಶುದ್ಧಿಗೆಂದು ಕೊಟ್ಟ ಡ್ರೈ ಐಸ್ ತಿಂದು ಐವರು ರಕ್ತ ಕಾರಿ ಆಸ್ಪತ್ರೆ ಸೇರಿದರು.

ನಮ್ಮ ರಾಜ್ಯದಲ್ಲೂ ಇದಕ್ಕೆ ಹತ್ತಿರದ ಘಟನೆಗಳು ನಡೆದಿವೆ. 2024ರಲ್ಲಿ ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ‘ಸ್ಮೋಕ್ ಬಿಸ್ಕತ್’ ತಿಂದು ಒದ್ದಾಡಿದ ಬಾಲಕನ ವಿಡಿಯೋ ಎಲ್ಲೆಡೆ ಹರಿದಾಡಿತು. ಬಾಲಕ ತೀರಿಕೊಂಡನೆಂದು ಬರೆದು ಹಂಚಿದವರೂ ಇದ್ದರು, ಆದರೆ ಅವನು ಚಿಕಿತ್ಸೆಯಿಂದ ಚೇತರಿಸಿಕೊಂಡ. ಅದೇ ವರ್ಷ ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ‘ಸ್ಮೋಕ್ ಪಾನ್’ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಇವೆರಡರಲ್ಲೂ ಇದ್ದದ್ದು ದ್ರವ ಸಾರಜನಕ. ಅದರ ಉಷ್ಣತೆ ಮೈನಸ್ 196 ಡಿಗ್ರಿ. ಆವಿಯಾದರೆ ಸುಮಾರು 700 ಪಟ್ಟು ಹಿಗ್ಗುತ್ತದೆ. ಹೊಟ್ಟೆಯೊಳಗೆ ಹಿಗ್ಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 2024ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಸಿದ್ಧ ತಿನಿಸುಗಳ ಜೊತೆ ದ್ರವ ಸಾರಜನಕ ಕೊಡುವುದನ್ನು ನಿಷೇಧಿಸಿತು. ಬಾಯಿಂದ ಹೊಗೆ ಬಿಡುವ ಫೋಟೋಗಾಗಿ ಮಕ್ಕಳಿಗೆ ಇಂಥದ್ದನ್ನು ಕೊಡಿಸಬೇಡಿ.

ಡ್ರೈ ಐಸನ್ನು ಬರಿಗೈಲಿ ಮುಟ್ಟಿದರೆ ಸುಟ್ಟಂತೆ ಗಾಯವಾಗುತ್ತದೆ. ಬಾಟಲಿಯಲ್ಲೋ ಗಾಳಿಯಾಡದ ಡಬ್ಬದಲ್ಲೋ ಬಿಗಿಯಾಗಿ ಮುಚ್ಚಿಟ್ಟರೆ ಅನಿಲದ ಒತ್ತಡಕ್ಕೆ ಸಿಡಿಯುತ್ತದೆ.

ಬಣ್ಣದ ಸ್ಮೋಕ್ ಬಾಂಬ್, ಒಣಗಿದ ಕಾಡು

ಕೈಯಲ್ಲಿ ಹಿಡಿಯುವ ಬಣ್ಣದ ಸ್ಮೋಕ್ ಬಾಂಬ್ ಹೆಸರಿಗೆ ಮಾತ್ರ ಹೊಗೆ. ಕೆಲಸದಲ್ಲಿ ಅದೊಂದು ಪಟಾಕಿಯೇ. ಬಣ್ಣದ ಪುಡಿಯನ್ನು ಆವಿ ಮಾಡಲು ಅದರೊಳಗೆ ಪೊಟ್ಯಾಸಿಯಂ ಕ್ಲೋರೇಟ್, ಸಕ್ಕರೆಯಂಥ ಉರಿಯುವ ಮಿಶ್ರಣ ಇರುತ್ತದೆ. ಡಬ್ಬ ಚೆನ್ನಾಗಿ ಕಾಯುತ್ತದೆ, ಕೆಲವೊಮ್ಮೆ ಕಿಡಿಯೂ ಹಾರುತ್ತದೆ. ಆ ಬಣ್ಣದ ಹೊಗೆ ಉಸಿರಾಡಲು ಯೋಗ್ಯವಾದದ್ದಲ್ಲ.

2020ರ ಸೆಪ್ಟೆಂಬರ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕುಟುಂಬ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ತಿಳಿಸುವ ಫೋಟೋ ವಿಡಿಯೋಗಾಗಿ ಒಣಹುಲ್ಲಿನ ಬಯಲಿನಲ್ಲಿ ಇಂಥದೇ ಹೊಗೆ ಸಾಧನ ಹಚ್ಚಿತು. ಹುಲ್ಲಿಗೆ ಬೆಂಕಿ ತಾಗಿತು. ಆ ಬೆಂಕಿ 22,000 ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. ಅದನ್ನು ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು.

ಇದು ನಮಗೇಕೆ ಮುಖ್ಯ? ಯಳಂದೂರು, ಕೊಳ್ಳೇಗಾಲದ ಪಕ್ಕದಲ್ಲೇ ಬಿಳಿಗಿರಿರಂಗನಾಥಸ್ವಾಮಿ ಹುಲಿ ಸಂರಕ್ಷಿತ ಪ್ರದೇಶವಿದೆ. ಹನೂರು ಭಾಗದಲ್ಲಿ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿ ಧಾಮವಿದೆ. ಬಿಳಿಗಿರಿಯ ಕಾಡಿನಲ್ಲಿ ಲಂಟಾನ ಪೊದೆಗಳು ದಟ್ಟವಾಗಿ ಹಬ್ಬಿವೆ. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಹುಲ್ಲು, ತರಗೆಲೆ, ಲಂಟಾನ ಎಲ್ಲ ಒಣಗಿ ಸೌದೆಯಂತಾಗಿರುತ್ತದೆ. ಹಿಂದೆ ಇಲ್ಲಿನ ಸೋಲಿಗರು ಋತು ನೋಡಿ ನೆಲದ ತರಗಿಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು; ಕಾಡನ್ನು ಬಲ್ಲವರು ಹಾಕುತ್ತಿದ್ದ ಬೆಂಕಿ ಅದು. ಫೋಟೋಗೆಂದು ಬಂದವರ ಕೈಯಿಂದ ಬಿದ್ದ ಕಿಡಿಯ ಕಥೆಯೇ ಬೇರೆ. ಇದೇ ಚಾಮರಾಜನಗರ ಜಿಲ್ಲೆಗೆ ಸೇರಿದ ಬಂಡೀಪುರದಲ್ಲಿ 2019ರ ಫೆಬ್ರವರಿಯ ಕಾಳ್ಗಿಚ್ಚಿಗೆ ಸಾವಿರಾರು ಎಕರೆ ಕಾಡು ಬೂದಿಯಾದದ್ದನ್ನು ಇಲ್ಲಿನ ಜನ ಮರೆತಿಲ್ಲ.

ಕಾನೂನೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಉರಿಯುತ್ತ ಬಿಟ್ಟು ಹೋಗುವುದು ನಿಷಿದ್ಧ. 28ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಹೋಗಿ ಫೋಟೋ ತೆಗೆಯಲು ಅನುಮತಿ ಬೇಕು. ಬೆಟ್ಟದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಸ್ಮೋಕ್ ಬಾಂಬ್ ಹಚ್ಚುವುದನ್ನು ‘ಎರಡೇ ನಿಮಿಷ’ ಎಂದು ಹಗುರವಾಗಿ ಕಾಣುವಂತಿಲ್ಲ.

ಸೊಳ್ಳೆಬತ್ತಿ, ಸಾಂಬ್ರಾಣಿ, ಫಾಗಿಂಗ್ ಗಾಡಿ

‘ಸೊಳ್ಳೆಬತ್ತಿ ದಿನಾ ಹಚ್ತೀವಿ, ಫೋಟೋಗೆ ನಾಲ್ಕು ಹಚ್ಚಿದರೆ ಏನು?’ ಎನ್ನುವವರಿದ್ದಾರೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಅತಿ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ. ಕಿಟಕಿ ಮುಚ್ಚಿ ನಾಲ್ಕು ಹಚ್ಚಿದರೆ ಬೆಳಕಿನ ಕೋಲು ಚೆನ್ನಾಗಿ ಕಂಡೀತು, ನಿಜ. ಆದರೆ ಆ ಗಾಳಿಯಲ್ಲಿ ಉಸಿರಾಡುವವರು ಯಾರು? ಇದ್ದಿಲ ಕೆಂಡದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯದೂ ಹೀಗೆಯೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡು ಅರಿವಿಲ್ಲದೆ ಪ್ರಜ್ಞೆ ತಪ್ಪಬಹುದು.

ಸೊಳ್ಳೆ ನಿಯಂತ್ರಣಕ್ಕೆ ಊರಿನ ಬೀದಿಗೆ ಫಾಗಿಂಗ್ ಯಂತ್ರ ಬಂದಾಗ ಅದರ ಹಿಂದೆ ಮಕ್ಕಳು ಓಡುವುದು ಹಳೆಯ ಕಥೆ. ಈಗ ದೊಡ್ಡವರೂ ಬೈಕ್ ಹೆಡ್‌ಲೈಟ್ ಹಾಕಿ ರೀಲ್ಸ್ ಮಾಡುತ್ತಾರೆ. ಅದು ಮಲಾಥಿಯಾನ್‌ನಂಥ ಕೀಟನಾಶಕವನ್ನು ಡೀಸೆಲ್‌ನಲ್ಲಿ ಬೆರೆಸಿ ಕಾಯಿಸಿ ಬಿಡುವ ಹೊಗೆ. ಸೊಳ್ಳೆ ಸಾಯಲೆಂದು ಬಿಟ್ಟಿದ್ದನ್ನು ನಾವು ಫೋಟೋಗಾಗಿ ಕುಡಿಯಬಾರದು.

ಇನ್ನೊಂದು ಮಾತು. ‘ಸ್ಪ್ರೇಯರ್‌ನಲ್ಲಿ ನೀರು ತುಂಬಿ ಮಂಜು ಮಾಡಿ’ ಎಂಬ ಸಲಹೆ ತಪ್ಪಲ್ಲ. ಆದರೆ ಹೊಲಕ್ಕೆ ಔಷಧಿ ಹೊಡೆಯುವ ಪಂಪನ್ನು ತೊಳೆದು ಬಳಸಬೇಡಿ. ಎಷ್ಟು ತೊಳೆದರೂ ಟ್ಯಾಂಕು, ಪೈಪಿನಲ್ಲಿ ಔಷಧಿಯ ಅಂಶ ಉಳಿದಿರುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಹೊಸ ಬಾಟಲಿ ಸಾಕು.

ಲೇಸರ್ ಬಗ್ಗೆಯೂ ಎಚ್ಚರ

ಹೊಗೆಯಲ್ಲಿ ಚೆನ್ನಾಗಿ ಕಾಣುವುದರಿಂದಲೇ ಆರ್ಕೆಸ್ಟ್ರಾಗಳಲ್ಲಿ ಲೇಸರ್ ಬಳಸುತ್ತಾರೆ. ಬಲವಾದ ಲೇಸರ್ ನೇರವಾಗಿ ಬಿದ್ದರೆ ಫೋನಿನ ಕ್ಯಾಮೆರಾ ಸೆನ್ಸರ್ ಕೆಡುತ್ತದೆ. ಆಮೇಲೆ ತೆಗೆದ ಪ್ರತಿ ಫೋಟೋದಲ್ಲೂ ಗೆರೆಯೋ ಚುಕ್ಕಿಯೋ ಉಳಿಯುತ್ತದೆ. ಫೋನು ಬದಲಿಸಬಹುದು. ಅದೇ ಕಿರಣ ಕಣ್ಣಿಗೆ ಬಿದ್ದು ಅಕ್ಷಿಪಟಲ ಸುಟ್ಟರೆ ಬದಲಿಸಲಾಗದು. ಲೇಸರ್ ಜನರತ್ತ ತಿರುಗಿದ್ದರೆ ಅದಕ್ಕೆ ಎದುರಾಗಿ ನಿಲ್ಲಬೇಡಿ.

ಹಾಗಾದರೆ ಬೆಳಕಿನ ಕೋಲಿನ ಫೋಟೋ ಬೇಡವೇ?

ಖಂಡಿತ ಬೇಕು. ಅದಕ್ಕೆ ಹೊಗೆಗಿಂತ ನಿಲ್ಲುವ ಜಾಗ ಮುಖ್ಯ.

ಬೆಳಕಿಗೆ ಬೆನ್ನು ಹಾಕಿ ತೆಗೆಯಬೇಡಿ. ಬೆಳಕು ನಿಮ್ಮ ಕಡೆಗೆ ಓರೆಯಾಗಿ ಬರುವಂತೆ ನಿಲ್ಲಿ. ಇಂಥ ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುವುದರಿಂದ, ಅತ್ತ ಕಡೆಯಿಂದ ನೋಡಿದಾಗ ಕೋಲು ಎದ್ದು ಕಾಣುತ್ತದೆ.

ಹಿನ್ನೆಲೆ ಕಪ್ಪಾಗಿರಲಿ. ಮರದ ನೆರಳು, ಕತ್ತಲೆ ಗೋಡೆ ಸಾಕು.

ಫ್ಲ್ಯಾಶ್ ಆರಿಸಿ. ಪರದೆಯ ಮೇಲೆ ಬೆಳಕಿನ ಭಾಗವನ್ನು ಮುಟ್ಟಿ, ಬೆರಳು ಕೆಳಗೆ ಜಾರಿಸಿ ಎಕ್ಸ್‌ಪೋಶರ್ ಕಡಿಮೆ ಮಾಡಿ.

ಹೊರಗಡೆಯಾದರೆ ಚಳಿಗಾಲದ ಮುಂಜಾನೆ ಆರಿಸಿಕೊಳ್ಳಿ. ಹಳ್ಳಿಯ ಹಿರಿಯರು ಕಾವಳ ಎನ್ನುವ ಆ ಮಂಜು ಬಿಸಿಲೇರಿ ಕರಗುವ ಮುನ್ನ ಸ್ವಲ್ಪ ಹೊತ್ತು ಮರಗಳ ನಡುವೆ ಕೋಲುಗಳು ತಾವಾಗಿಯೇ ಮೂಡುತ್ತವೆ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯುವಾಗ ಭರಚುಕ್ಕಿಯಲ್ಲಿ ಏಳುವ ತುಂತುರೂ ಅದೇ ಕೆಲಸ ಮಾಡುತ್ತದೆ. ನೋಡಲು ಮಾಡಿರುವ ಜಾಗದಿಂದಲೇ ತೆಗೆಯಿರಿ, ಬಂಡೆಗೆ ಇಳಿಯಬೇಡಿ.

ಮನೆಯೊಳಗಾದರೆ ಕಿಟಕಿಯ ಬಿಸಿಲಿಗೆ ಜಮಖಾನವನ್ನು ಒಮ್ಮೆ ಕೊಡವಿ ಹೊರಗೆ ಬಂದು ತೆಗೆಯಿರಿ, ಅಥವಾ ಬಾಟಲಿಯಿಂದ ನೀರು ಚಿಮುಕಿಸಿ. ಯಂತ್ರ ಬಳಸಲೇಬೇಕಾದರೆ ಸ್ವಲ್ಪವೇ ಬಿಡಿ, ಫೋಟೋ ಮುಗಿದ ಕೂಡಲೇ ಬಾಗಿಲು ಕಿಟಕಿ ತೆರೆಯಿರಿ. ಮಕ್ಕಳು, ಬಸುರಿಯರು, ಆಸ್ತಮಾ ಇರುವವರು ದೂರವಿರಲಿ.

ಹೊಗೆಯಲ್ಲಿ ಯಾರಿಗಾದರೂ ತಲೆಸುತ್ತು, ಉಸಿರುಗಟ್ಟುವುದು, ವಾಂತಿ ಬಂದರೆ ಮೊದಲು ತೆರೆದ ಗಾಳಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಡ್ರೈ ಐಸ್ ಇದ್ದ ಕೋಣೆಯಲ್ಲಿ ಯಾರಾದರೂ ಬಿದ್ದಿದ್ದರೆ ನೇರ ಒಳನುಗ್ಗಬೇಡಿ. ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆಯಿರಿ, ಸಹಾಯಕ್ಕೆ ಕೂಗಿ. ಕಾಪಾಡಲು ಹೋದವರೂ ಬೀಳುವುದು ಇಂಥ ಕಡೆಯೇ.

ಫಾರ್ವರ್ಡ್ ಮಾಡುವ ಮುನ್ನ

‘ಬರೀ ಹೊಗೆ, ಏನೂ ಆಗಲ್ಲ’ ಎಂಬ ಮಾತು ತಪ್ಪು. ಮಂಜು, ಗ್ಲೈಕಾಲ್ ಹನಿ, ಡ್ರೈ ಐಸ್, ಸ್ಮೋಕ್ ಬಾಂಬ್, ಕೀಟನಾಶಕ ಇವೆಲ್ಲ ಫೋಟೋದಲ್ಲಿ ಒಂದೇ ಥರ ಬೆಳ್ಳಗೆ ಕಾಣಬಹುದು. ಎದೆಯೊಳಗೆ ಹೋದಾಗ ಒಂದೇ ಥರ ಅಲ್ಲ. ಅಂಥ ವಿಡಿಯೋ ಬಂದರೆ ಅದರಲ್ಲಿ ಬಳಸಿದ್ದು ಏನು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಹಂಚಬೇಡಿ. ನಿಮ್ಮ ಬೀದಿಯಲ್ಲಿ ಮದುವೆಯೊಂದು ಹತ್ತಿರದಲ್ಲಿದ್ದರೆ, ಅವರ ಫೋಟೋಗ್ರಾಫರಿಗೆ ಇದನ್ನು ಕಳಿಸಿ.